ಸ್ಟೋನ್‌ಹೆಂಜಾ, ಬಟ್ಸರ್ ಫಾರ್ಮಾ, ವಿಂಡೋಲಾಂಡಾನಾ? ಮೂರೂ ನೋಡಿದ ಮೇಲೆ

ಇಂಗ್ಲೆಂಡಿಗೆ ಬಂದ ನೆಂಟರಿಗೆಲ್ಲ ಸ್ಟೋನ್‌ಹೆಂಜ್ ನೋಡಲೇಬೇಕು. ನೋಡಿ ಬಂದ ಮೇಲೆ ಅರ್ಧ ಜನ ಹೇಳುವುದು ಒಂದೇ: "ಕಲ್ಲು ನೋಡಿದ್ವಿ, ಫೋಟೋ ತೆಗೆದ್ವಿ, ಅಷ್ಟೇ." ಬ್ರಿಟನ್ನಿನ ಹಳೇ ಕಾಲವನ್ನು ಸ್ವಲ್ಪ ಕೈಯಾಡಿಸಿ ನೋಡುವಂಥ ಜಾಗ ಯಾವುದು? ನಾನು ನೋಡುವುದು ಎರಡೇ ವಿಷಯ. ಏನಾದರೂ ಮಾಡಲು ಬಿಡುತ್ತಾರಾ? "ಯಾಕೆ" ಅಂತ ಕೇಳಿದರೆ ಹೇಳುವವರು ಸಿಗುತ್ತಾರಾ?

ಸ್ಟೋನ್‌ಹೆಂಜ್‌ನಲ್ಲಿ ಮಾಮೂಲಿ ಟಿಕೆಟ್ಟಿಗೆ ಕಲ್ಲುಗಳ ಸುತ್ತ ಒಂದು ಸುತ್ತು, ಅದೂ ಹಗ್ಗದ ಆಚೆಯಿಂದ. ನನಗೆ ಜಾಸ್ತಿ ಹಿಡಿಸಿದ್ದು ವಿಸಿಟರ್ ಸೆಂಟರ್ ಪಕ್ಕದ ಸುಣ್ಣಕಲ್ಲಿನ ಗಾರೆ ಮೆತ್ತಿದ ಪುಟ್ಟ ಮನೆಗಳು. ಹತ್ತಿರದ ಡರಿಂಗ್ಟನ್ ವಾಲ್ಸ್‌ನಲ್ಲಿ ಅಗೆದಾಗ ಸಿಕ್ಕ ಸುಮಾರು 4,500 ವರ್ಷ ಹಿಂದಿನ ಮನೆಗಳ ಗುರುತು ನೋಡಿ ಕಟ್ಟಿದ್ದು. ಹೊರಗೆ ಜಾರುಬಂಡಿಯ ಮೇಲೆ ಒಂದು ದೊಡ್ಡ ಕಲ್ಲಿದೆ, ಹಗ್ಗ ಕಟ್ಟಿದ್ದಾರೆ. ಎಳೆದರೆ ಅಲುಗುವುದಿಲ್ಲ. ದೊಡ್ಡ ಕಲ್ಲುಗಳು ಒಂದೊಂದೂ ಸರಾಸರಿ 25 ಟನ್ ಅಂತ ಓದಿದ್ದಕ್ಕೂ ಹಗ್ಗ ಹಿಡಿದು ಜಗ್ಗಿದ್ದಕ್ಕೂ ವ್ಯತ್ಯಾಸ ಇದೆ.

ಜೂನ್ ತಿಂಗಳ ದೊಡ್ಡ ಹಗಲಿನ ಹಬ್ಬಕ್ಕೆ ಪ್ರವೇಶ ಫ್ರೀ, ಪಾರ್ಕಿಂಗಿಗೆ ಮಾತ್ರ ದುಡ್ಡು. ರಾತ್ರಿಯಿಡೀ ಕಲ್ಲುಗಳ ನಡುವೆಯೇ ಇರಬಹುದು. ಡೋಲು, ಬಿಳಿ ನಿಲುವಂಗಿ ತೊಟ್ಟ ಡ್ರೂಯಿಡ್‌ಗಳು (ಹಳೇ ಕೆಲ್ಟಿಕ್ ಪುರೋಹಿತರ ಹೆಸರು ಇಟ್ಟುಕೊಂಡವರು), ಸಾವಿರಾರು ಜನ. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಕಲ್ಲು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಆ ಹಳೇ ಡ್ರೂಯಿಡ್‌ಗಳ ಬಗ್ಗೆ ಯಾರಾದರೂ ಬರೆದಿಟ್ಟಿದ್ದು ಅದಾಗಿ ಎರಡು ಸಾವಿರ ವರ್ಷಕ್ಕೂ ಮೇಲೆ. ಅಲ್ಲಿ ಸಿಗುವುದು ಇವತ್ತಿನ ಹಬ್ಬ. ಬರೀ ಕಲ್ಲು ಮುಟ್ಟಬೇಕು ಅಂತಿದ್ದರೆ ಅಷ್ಟು ನಿದ್ದೆಗೆಡಬೇಕಿಲ್ಲ, ಇಂಥದೇ ಇನ್ನೊಂದು ಕಲ್ಲಿನ ವೃತ್ತವಿರುವ ಏವ್‌ಬರಿಗೆ ಹೋಗಿ. ಹಗ್ಗವಿಲ್ಲ, ಕಲ್ಲುಗಳ ನಡುವೆ ಕುರಿ ಮೇಯುತ್ತಿರುತ್ತವೆ, ವೃತ್ತದೊಳಗೇ ಅರ್ಧ ಊರು, ಒಂದು ಪಬ್ ಕೂಡ ಇದೆ.

ಇನ್ನು ಬಟ್ಸರ್. ಹ್ಯಾಂಪ್‌ಶೈರ್‌ನಲ್ಲಿದೆ. 1972ರಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ವಜ್ಞ ಶುರು ಮಾಡಿದ ಪ್ರಯೋಗದ ಹೊಲ. ಅಲ್ಲಿ ಹಳೆಯದು ಏನೂ ಇಲ್ಲ, ಎಲ್ಲ ಹೊಸದಾಗಿ ಕಟ್ಟಿದ್ದು. ಹಾಗಾದರೆ ಯಾಕೆ ಹೋಗಬೇಕು? ಅಲ್ಲಿನವರು "ಹೀಗಿತ್ತಂತೆ" ಎಂದು ಹೇಳಿ ಸುಮ್ಮನಾಗುವುದಿಲ್ಲ, ಮಾಡಿ ನೋಡುತ್ತಾರೆ. ಕಬ್ಬಿಣ ಯುಗದ ಗುಂಡು ಮನೆಗಳಿಗೆ ಹೊಗೆಗಂಡಿ ಇಲ್ಲ. ಯಾಕೆ ಅಂತ ಕೇಳಿದೆ. ಸೂರಿನಲ್ಲಿ ತೂತು ಬಿಟ್ಟರೆ ಬೆಂಕಿಗೆ ಗಾಳಿ ಎಳೆದು ಕಿಡಿ ಮೇಲೇರುತ್ತದೆ, ಹುಲ್ಲು ಹತ್ತಿಕೊಳ್ಳುತ್ತದೆ. ತೂತಿಲ್ಲದಿದ್ದರೆ ಹೊಗೆ ಮೇಲೆ ಕಟ್ಟಿಕೊಂಡು, ಹುಲ್ಲಿನ ಸಂದಿಯಲ್ಲೇ ನಿಧಾನ ಹೊರಗೆ ಹೋಗುತ್ತದೆ. ನಿಂತರೆ ಕಣ್ಣುರಿ, ಒಲೆ ಪಕ್ಕ ಕೂತರೆ ಏನೂ ಇಲ್ಲ. ಕೂತೇ ನೋಡಿದೆ, ನಿಜ.

ರೆನಾಲ್ಡ್ಸ್ ಅವರ ಇನ್ನೊಂದು ಪ್ರಯೋಗ ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುತ್ತದೆ. ನೆಲದಲ್ಲಿ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ಚಳಿಗಾಲ ಕಳೆದರು. ಗೋಡೆಗೆ ತಾಗಿದ ಕಾಳು ಮೊಳೆತು ಒಳಗಿನ ಆಮ್ಲಜನಕ ತಿಂದು, ಇಂಗಾಲದ ಡೈಆಕ್ಸೈಡ್ ತುಂಬಿಸುತ್ತದೆ. ಮಿಕ್ಕ ಕಾಳು ಮೊಳೆಯದೆ ಹಾಗೇ ಉಳಿಯುತ್ತದೆ. ಉತ್ತರ ಕರ್ನಾಟಕದ ಜೋಳದ ಹಗೇವು ಇದೇ ಅಲ್ವಾ! ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬೇಡ ಅಂತ ಹಿರಿಯರು ಹೇಳುತ್ತಿದ್ದುದೂ ಈ ಗಾಳಿಗೆ ಹೆದರಿಯೇ.

ಬಟ್ಸರ್‌ನಲ್ಲೂ ಹಬ್ಬ ಇದೆ. ಮೇ ಆರಂಭದ ಹೊತ್ತಿಗೆ ಬೆಲ್ಟೇನ್ ಎಂಬ ಕೆಲ್ಟಿಕ್ ಬೇಸಿಗೆ ಹಬ್ಬ, ಕತ್ತಲಾಗುವಾಗ ಕಡ್ಡಿಯಲ್ಲಿ ಹೆಣೆದ ಆಳೆತ್ತರ ಮೀರಿದ ಬೊಂಬೆಗೆ ಬೆಂಕಿ ಇಡುತ್ತಾರೆ. ಅಂಥ ಬೊಂಬೆ ಸುಡುತ್ತಿದ್ದರು ಎಂದು ಬರೆದದ್ದು ಜೂಲಿಯಸ್ ಸೀಸರ್, ಅದೂ ಗಾಲ್ ದೇಶದ (ಈಗಿನ ಫ್ರಾನ್ಸ್ ಕಡೆ) ಬಗ್ಗೆ, ತನ್ನ ಶತ್ರುಗಳ ಬಗ್ಗೆ. ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಗದ್ದಲದಲ್ಲಿ ಯಾರನ್ನೂ ನಿಲ್ಲಿಸಿ ಪ್ರಶ್ನೆ ಕೇಳಲು ಆಗುವುದಿಲ್ಲ. ನನ್ನ ಕೇಳಿದರೆ ಜನ ಕಡಿಮೆ ಇರುವ ದಿನವೇ ಮೇಲು.

ವಿಂಡೋಲಾಂಡಾ ಉತ್ತರದ ತುದಿಯಲ್ಲಿರುವ ರೋಮನ್ ಕೋಟೆ, ರೋಮನ್ನರು ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಗೆ ಹತ್ತಿರ. ದೂರ ಜಾಸ್ತಿ. ಕಾರಿಲ್ಲದವರಿಗೆ ಬೇಸಿಗೆಯಲ್ಲಿ ಬಸ್ಸಿದೆ, ಅದರ ನಂಬರೇ ಎಡಿ122, ಗೋಡೆ ಕಟ್ಟಲು ಶುರುವಾದ ಇಸವಿ! ಇಲ್ಲಿನ ಕೋಟೆಯ ಅವಶೇಷಗಳು ಅಸಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಯಂಸೇವಕರು ಕೆಸರಲ್ಲಿ ಮಂಡಿಯೂರಿ ಅಗೆಯುತ್ತಿರುತ್ತಾರೆ, ಪಕ್ಕದಲ್ಲೇ ನಿಂತು ಮಾತಾಡಿಸಬಹುದು. ಗಾಳಿಯಾಡದ ಆ ಮಣ್ಣಿನಿಂದಲೇ ಚರ್ಮದ ಚಪ್ಪಲಿ, ಬೂಟುಗಳು ಸಾವಿರಾರು ಸಿಕ್ಕಿವೆ. 1973ರಲ್ಲಿ ತೆಳ್ಳನೆಯ ಮರದ ಹಾಳೆಯ ಪತ್ರಗಳು ಸಿಗಲು ಶುರುವಾದವು. ಒಂದರಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಪತ್ರ ಬೇರೆಯವರ ಕೈಬರಹದಲ್ಲಿದೆ, ಕೊನೆಯ ಸಾಲುಗಳು ಮಾತ್ರ ಆಕೆಯದೇ. ಸುಮಾರು 1,900 ವರ್ಷ ಹಳೆಯ ಕರೆಯೋಲೆ. ಆ ಪತ್ರ ಈಗ ಬ್ರಿಟಿಷ್ ಮ್ಯೂಸಿಯಂ ಪಾಲು.

ನನ್ನ ಲೆಕ್ಕದಲ್ಲಿ ಮಕ್ಕಳಿದ್ದರೆ ಬಟ್ಸರ್, ದೊಡ್ಡವರಷ್ಟೇ ಇದ್ದರೆ ವಿಂಡೋಲಾಂಡಾ. ಅಲ್ಲಿ ಸ್ವಯಂಸೇವಕರಾಗಿ ಅಗೆಯಲೇ ಬೇಕು ಅನ್ನುವವರು ಬುಕಿಂಗ್ ಶುರುವಾದ ತಕ್ಷಣ ಹೆಸರು ಕೊಡಿ, ಜಾಗ ಬೇಗ ತುಂಬುತ್ತದೆ. ಸ್ಟೋನ್‌ಹೆಂಜ್ ಹೇಗೂ ಹೋಗುತ್ತೀರಿ, ಆ ಮನೆಗಳ ಹತ್ತಿರ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಯಾರ್ಕ್ ಊರಿನ ಯೋರ್ವಿಕ್ ಮ್ಯೂಸಿಯಂಗೆ ಕರೆದೊಯ್ಯಿರಿ. ಕಾಲ ವೈಕಿಂಗರದು, ಅಷ್ಟು ಪುರಾತನ ಅಲ್ಲ. ಆದರೆ ಪುಟ್ಟ ಗಾಡಿಯಲ್ಲಿ ಕೂತೇ ಮರುಸೃಷ್ಟಿಸಿದ ವೈಕಿಂಗ್ ಊರು ಸುತ್ತಬಹುದು, ವಾಸನೆ ಸಮೇತ.