‘ಗ್ಲೀ’ ಮೊದಲ ಕಂತು: ಹಿಂದೆ ನಿಂತು ಹಾಡುವವರ ಕಡೆಯಿಂದ ಒಂದು ವಿಮರ್ಶೆ

ಅಮೆರಿಕದ ಟಿವಿ ಸರಣಿ ‘ಗ್ಲೀ’ಯ ಮೊದಲ ಕಂತು ನೋಡಿದವರೆಲ್ಲ ಕೊನೆಯ ಹಾಡಿನ ಬಗ್ಗೆ ಮಾತಾಡ್ತಾರೆ. ಮುಂದೆ ನಿಂತ ರೇಚೆಲ್ ಹೇಗೆ ಹಾಡಿದಳು, ಫಿನ್ ಹೇಗೆ ಎತ್ತಿಕೊಂಡ ಅಂತ. ದಾವಣಗೆರೆ ಕಾಲೇಜುಗಳಲ್ಲಿ ಯೂತ್ ಫೆಸ್ಟ್‌ಗೆ ಗ್ರೂಪ್ ಸಾಂಗ್ ಕಟ್ಟುವವರು ಆ ಹಾಡಿನಲ್ಲಿ ಕೇಳಬೇಕಾದ್ದು ಅವರಿಬ್ಬರನ್ನಲ್ಲ, ಹಿಂದೆ ನಿಂತ ನಾಲ್ವರನ್ನು. ಆ ನಾಲ್ಕು ಕಂಠ ತೆಗೆದುಬಿಟ್ಟರೆ ಉಳಿಯುವುದು ಒಂದು ಸಾಧಾರಣ ಯುಗಳಗೀತೆ, ಅಷ್ಟೇ.

ಗೊತ್ತಿಲ್ಲದವರಿಗೆ ಚುಟುಕಾಗಿ: 2009ರ ಮೇ 19ರಂದು ಫಾಕ್ಸ್ ವಾಹಿನಿಯಲ್ಲಿ ಬಂದ ಕಂತು ಇದು. ಸರಣಿ ಕಟ್ಟಿದವರು ರಯಾನ್ ಮರ್ಫಿ, ಬ್ರಾಡ್ ಫಾಲ್ಚಕ್, ಇಯಾನ್ ಬ್ರೆನನ್. ಈ ಕಂತಿನ ನಿರ್ದೇಶನ ಮರ್ಫಿಯದೇ. ಓಹಿಯೋ ರಾಜ್ಯದ ಲೈಮಾ ಊರಿನ ಒಂದು ಹೈಸ್ಕೂಲು. ಸ್ಪ್ಯಾನಿಷ್ ಮೇಷ್ಟ್ರು ವಿಲ್ ಶೂಸ್ಟರ್ ಸತ್ತುಹೋಗುತ್ತಿರುವ ಹಾಡಿನ ಕ್ಲಬ್ಬನ್ನು ತಿಂಗಳಿಗೆ 60 ಡಾಲರ್ ಕೈಯಿಂದ ಕಟ್ಟಿ ನಡೆಸಲು ಒಪ್ಪುತ್ತಾನೆ. ಬರುವವರು ಐದು ಮಂದಿ, ಆಮೇಲೆ ಫುಟ್‌ಬಾಲ್ ತಂಡದ ಫಿನ್ ಸೇರಿ ಆರು. ಇಡೀ ಸರಣಿ ಆರು ಸೀಸನ್, 121 ಕಂತು ಓಡಿ 2015ರಲ್ಲಿ ಮುಗಿಯಿತು. ಮುಂದಿನದನ್ನು ನೋಡದಿದ್ದರೂ ಈ ಒಂದು ಕಂತನ್ನು ಬಿಡಿಯಾಗಿ ನೋಡಬಹುದು.

ಆರು ಅನ್ನುವ ಸಂಖ್ಯೆ ನಮ್ಮವರಿಗೆ ಪರಿಚಯದ್ದೇ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮದಲ್ಲೂ ಗ್ರೂಪ್ ಸಾಂಗ್‌ಗೆ ಗರಿಷ್ಠ ಆರು ಹಾಡುಗಾರರು, ಮೂರು ಪಕ್ಕವಾದ್ಯದವರು, ಹತ್ತು ನಿಮಿಷ. ಅವರಿಗೆ ಸೆಕ್ಷನಲ್ಸ್, ರೀಜನಲ್ಸ್, ನ್ಯಾಷನಲ್ಸ್. ನಮಗೆ ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಿಂದ ಶುರುವಾಗಿ ದಕ್ಷಿಣ ವಲಯ, ಆಮೇಲೆ ರಾಷ್ಟ್ರಮಟ್ಟ. ಹಾಗಾಗಿ ಕಥೆಯ ಚೌಕಟ್ಟು ದೂರದ್ದು ಅನ್ನಿಸುವುದಿಲ್ಲ. ಒಂದೇ ವ್ಯತ್ಯಾಸ, ಕೊನೆಯ ಹಾಡಿಗೆ ಶಾಲೆಯ ಜಾಝ್ ಬ್ಯಾಂಡೇ ಬರುತ್ತದೆ. ನಮ್ಮಲ್ಲಿ ಅಷ್ಟು ಜನ ವಾದ್ಯದವರು ವೇದಿಕೆ ಹತ್ತಿದರೆ ಹಾಡುವ ಮೊದಲೇ ತಂಡ ಹೊರಗೆ.

ಕಂತಿನಲ್ಲಿ ಹೋಲಿಸಿ ನೋಡಬೇಕಾದ ಮೂರು ಪ್ರದರ್ಶನಗಳಿವೆ. ಮೊದಲನೆಯದು ಕ್ಲಬ್ಬಿನ ಚೊಚ್ಚಲ ತಾಲೀಮು, ‘ಸಿಟ್ ಡೌನ್, ಯೂ ಆರ್ ರಾಕಿನ್ ದ ಬೋಟ್’. ಇದು ಬೇಕಂತಲೇ ಕೆಟ್ಟದಾಗಿ ಮಾಡಿದ ಹಾಡು, ಮತ್ತು ಕೆಟ್ಟದ್ದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸಿದ್ದೇ ಈ ಕಂತಿನ ದೊಡ್ಡ ಬುದ್ಧಿವಂತಿಕೆ. ‘ಕೂತ್ಕೊ’ ಅನ್ನುವ ಹಾಡಿನ ಮುಖ್ಯ ಭಾಗವನ್ನು ಗಾಲಿಕುರ್ಚಿಯಲ್ಲಿ ಕೂತ ಆರ್ಟಿಗೇ ಕೊಟ್ಟಿದ್ದಾನೆ ಮೇಷ್ಟ್ರು! ರೇಚೆಲ್ ಅದನ್ನು ಎತ್ತಿಯೂ ಆಡುತ್ತಾಳೆ. ಅದಕ್ಕಿಂತ ಗಮನಿಸಬೇಕಾದ್ದು ಐವರ ದೇಹ. ಒಬ್ಬರು ಇನ್ನೊಬ್ಬರ ಬಾಯಿ ನೋಡುತ್ತಿಲ್ಲ. ಪ್ರತಿಯೊಬ್ಬರೂ ಹೆಜ್ಜೆ ಎಣಿಸುತ್ತಿದ್ದಾರೆ, ಹಾಗಾಗಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ನಮ್ಮ ತಂಡಗಳು ಮೊದಲ ಸುತ್ತಿನಲ್ಲೇ ಬೀಳುವುದು ಇಲ್ಲಿಯೇ: ಹಾಡು ಕೂರುವ ಮುಂಚೆ ಚಪ್ಪಾಳೆ, ಕೈಬೀಸು, ಒಂದೇ ಬಣ್ಣದ ಸೀರೆ-ಜುಬ್ಬ ಎಲ್ಲ ತಯಾರಾಗಿರುತ್ತದೆ.

ಎರಡನೆಯದು ಎದುರಾಳಿ ತಂಡ ವೋಕಲ್ ಅಡ್ರಿನಲಿನ್ ಹಾಡುವ ‘ರಿಹ್ಯಾಬ್’. ಕುಣಿತ, ಕಂಠ, ಬೆಳಕು ಎಲ್ಲ ಭರ್ಜರಿ. ನೋಡಲು ಬಂದ ಕ್ಲಬ್ಬಿನ ಮಕ್ಕಳ ಮುಖ ಬಾಡಿಹೋಗುತ್ತದೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ಅದರಲ್ಲಿ ಒಬ್ಬರ ಧ್ವನಿಯೂ ನೆನಪಲ್ಲಿ ಉಳಿಯುವುದಿಲ್ಲ. ಹೊಳಪು ಜಾಸ್ತಿ, ಹುರುಳು ಕಡಿಮೆ. ಯೂತ್ ಫೆಸ್ಟ್‌ನಲ್ಲಿ ಇಂಥ ತಂಡ ಗೆಲ್ಲುವುದೂ ಉಂಟು ಅನ್ನುವುದು ಬೇರೆ ಮಾತು.

ಮೂರನೆಯದು ಕೊನೆಯ ಹಾಡು, ‘ಡೋಂಟ್ ಸ್ಟಾಪ್ ಬಿಲೀವಿನ್’. 1981ರಲ್ಲಿ ಜರ್ನಿ ಅನ್ನುವ ರಾಕ್ ತಂಡದ್ದು. ಮೂಲದಲ್ಲಿ ಶುರುವಿಗೆ ಪಿಯಾನೋ. ಇಲ್ಲಿ ಪಿಯಾನೋದ ಕೆಲಸವನ್ನು ಬಾಯಿಗಳು ಮಾಡುತ್ತವೆ, ‘ದ ದ ದ’ ಅಂತ. ಅದರ ಮೇಲೆ ಫಿನ್ ಮೊದಲ ಸಾಲು, ರೇಚೆಲ್ ಎರಡನೇ ಸಾಲು. ಆಮೇಲೆ ಬ್ಯಾಂಡ್ ಸೇರುತ್ತದೆ. ಮೂಲ ಹಾಡಿನ ವಿಚಿತ್ರವೆಂದರೆ ಅದರ ಹೆಸರಿನ ಸಾಲು, ಅಂದರೆ ನಮ್ಮ ಲೆಕ್ಕದಲ್ಲಿ ಪಲ್ಲವಿ, ನಾಲ್ಕು ನಿಮಿಷದ ಹಾಡಿನಲ್ಲಿ ಮೂರು ನಿಮಿಷ ದಾಟಿದ ಮೇಲೆ ಬರುತ್ತದೆ. ಅಲ್ಲಿಯವರೆಗೂ ಕಾಯಿಸುತ್ತದೆ. ಗ್ಲೀ ಆವೃತ್ತಿ ಆ ಕಾಯುವಿಕೆಯನ್ನು ಉಳಿಸಿಕೊಂಡದ್ದಕ್ಕೇ ಎಲ್ಲರೂ ಒಟ್ಟಿಗೆ ಸೇರಿದಾಗ ಮೈ ಜುಮ್ಮೆನ್ನುತ್ತದೆ. ಮೂಲ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತ್ತು, ಈ ಮಕ್ಕಳ ಆವೃತ್ತಿ 4ಕ್ಕೆ ಹೋಯಿತು.

ಈಗ ಆ ‘ದ ದ ದ’ ಒಳಗೆ ಏನಿದೆ ನೋಡೋಣ. ಸ್ವರದ ಲೆಕ್ಕದಲ್ಲಿ ಹೇಳಿದರೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗೊಂಚಲು, ಬುಡದ ಸ್ವರದ ಹೆಸರಲ್ಲಿ) ಷಡ್ಜ, ಪಂಚಮ, ಧೈವತ, ಮಧ್ಯಮ. ಎರಡನೇ ಸುತ್ತಿನಲ್ಲಿ ಧೈವತದ ಜಾಗಕ್ಕೆ ಗಾಂಧಾರ. ಮೂಲದಲ್ಲಿ ಷಡ್ಜ ಹಾರ್ಮೋನಿಯಂನ ಬಿಳಿ ಮೂರಕ್ಕೆ, ಅಂದರೆ ಮೂರನೇ ಬಿಳಿ ಕೀಗೆ. ವೇಗ ನಿಮಿಷಕ್ಕೆ 120 ಬಡಿತದ ಆಸುಪಾಸು, ಒಂದೊಂದು ಕಾರ್ಡ್‌ಗೆ ನಾಲ್ಕು ಬಡಿತ, ಅಂದರೆ ಸುಮಾರು ಎರಡು ಸೆಕೆಂಡು. ನಾಲ್ವರಿಗೆ ಹಂಚುವ ಸುಲಭದ ದಾರಿ ಇದು. ತಳದ ಗಂಡು ಧ್ವನಿ ಸ, ಪ, ಧ, ಮ ಅಂತ ಬುಡ ಹಿಡಿಯಲಿ. ಎರಡನೆಯವರು ಸ, ನಿ, ಸ, ಸ. ಮೂರನೆಯವರು ಗ, ರಿ, ಗ, ಮ. ನಾಲ್ಕನೆಯವರು ಪ, ಪ, ಧ, ಧ. ತಳದವರನ್ನು ಬಿಟ್ಟರೆ ಯಾರೂ ಒಂದು ಮೆಟ್ಟಿಲಿಗಿಂತ ಹೆಚ್ಚು ಸರಿಯಬೇಕಿಲ್ಲ. ಹತ್ತು ನಿಮಿಷದಲ್ಲಿ ಬಾಯಿಗೆ ಬರುತ್ತದೆ.

ತಪ್ಪುವುದು ಎಲ್ಲಿ ಅಂದರೆ ಎರಡನೇ ಕಾರ್ಡ್‌ನಿಂದ ಮೂರನೆಯದಕ್ಕೆ ಹೋಗುವಾಗ. ಅಲ್ಲಿ ನಾಲ್ವರೂ ಒಟ್ಟಿಗೆ ಮೇಲಕ್ಕೆ ಹೋಗಬೇಕು, ಹಳೆಯ ಸ್ವರದಲ್ಲೇ ನಿಂತು ಆಧಾರ ಕೊಡುವವರು ಒಬ್ಬರೂ ಇಲ್ಲ. ಎಲ್ಲರೂ ಕೂದಲೆಳೆಯಷ್ಟು ಕಡಿಮೆ ಹತ್ತುತ್ತಾರೆ. ಪ್ರತಿ ಸುತ್ತಿಗೂ ಅಷ್ಟಷ್ಟು ಇಳಿದು, ಮೂರು ನಿಮಿಷ ಮುಗಿಯುವಷ್ಟರಲ್ಲಿ ಇಡೀ ತಂಡ ಅರ್ಧ ಸ್ವರ ಕೆಳಗಿರುತ್ತದೆ. ಕೀಬೋರ್ಡಿನವರು ಸೇರಿದ ಕೂಡಲೇ ಸಭೆಗೆಲ್ಲ ಗೊತ್ತಾಗುತ್ತದೆ. ಪರಿಹಾರ: ತಾಲೀಮಿನಲ್ಲಿ ತಂಬೂರಿ ಆ್ಯಪ್ ಬಂದ್ ಮಾಡಿ ಹಾಡಿ, ಪ್ರತಿ ನಾಲ್ಕು ಸುತ್ತಿಗೊಮ್ಮೆ ಮತ್ತೆ ಹಾಕಿ ಷಡ್ಜ ತಾಳೆ ನೋಡಿ. ಪೂರ್ತಿ ಹೊತ್ತು ತಂಬೂರಿ ಹಾಕಿಕೊಂಡು ಅಭ್ಯಾಸ ಮಾಡಿದ ತಂಡ ವೇದಿಕೆಯಲ್ಲಿ ಅದು ಕೇಳಿಸದಿದ್ದಾಗ ಕಂಗಾಲಾಗುತ್ತದೆ.

ಉಸಿರಿನದು ಇನ್ನೊಂದು. ನಾಲ್ವರೂ ಸಾಲಿನ ಕೊನೆಗೆ ಒಟ್ಟಿಗೆ ಉಸಿರೆಳೆದರೆ ಹಾಡಿನಲ್ಲಿ ಗುಂಡಿ ಬೀಳುತ್ತದೆ. ಸರದಿ ಹಾಕಿಕೊಳ್ಳಿ, ಇಬ್ಬರು ಸಾಲಿನ ಮಧ್ಯೆ, ಇಬ್ಬರು ಕೊನೆಗೆ. ‘ದ’ ಬದಲು ‘ಪ’ ಹಾಕುವ ಆಸೆ ಬೇಡ, ಮೈಕಿಗೆ ಗಾಳಿ ಹೊಡೆದು ಪಟ್ ಪಟ್ ಅನ್ನುತ್ತದೆ. ತಳದ ಧ್ವನಿಯವರು ಮೈಕಿಗೆ ಹತ್ತಿರ, ಮೂರು-ನಾಲ್ಕು ಇಂಚಿನಲ್ಲಿ ಇರಬೇಕು. ಸಾಮಾನ್ಯ ವೇದಿಕೆ ಮೈಕಿನಿಂದ ದೂರ ಸರಿದಷ್ಟೂ ಮೊದಲು ಹೋಗುವುದು ತಳದ ಗಾತ್ರವೇ. ಮತ್ತೆ ತಾಲೀಮಿಗೆ ಮುಂಚೆ ಮಂಡಕ್ಕಿ-ಮಿರ್ಚಿ ಬೇಡ. ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಹೇಳಿದ್ದೇನೆ.

ಇದನ್ನೇ ಎತ್ತಿ ಕನ್ನಡದ ಹಾಡಿಗೆ ಹಚ್ಚಬಹುದೇ? ರಾಗ ನೋಡಿ ಹಚ್ಚಬೇಕು. ಶಂಕರಾಭರಣ ಅಥವಾ ಬಿಲಾವಲ್ ನೆರಳಿನ ಭಾವಗೀತೆಯಾದರೆ ಹಿಂದೂಸ್ತಾನಿ ಲೆಕ್ಕದ ಏಳೂ ಶುದ್ಧ ಸ್ವರಗಳಿರುವುದರಿಂದ ನಾಲ್ಕೂ ಕಾರ್ಡ್ ಕೂರುತ್ತವೆ. ಹಂಸಧ್ವನಿಯಲ್ಲಿ ಮ, ಧ ಇಲ್ಲ. ಅಲ್ಲಿ ಷಡ್ಜದ ಕಾರ್ಡ್, ಪಂಚಮದ ಕಾರ್ಡ್, ಎರಡನೇ ಸುತ್ತಿನ ಗಾಂಧಾರದ ಕಾರ್ಡ್ ಇವು ಮಾತ್ರ ಸಲ್ಲುತ್ತವೆ. ಮಧ್ಯಮದ ಕಾರ್ಡ್ ಹಾಕಿದರೆ ಮ-ಧ-ಸ ಮೂರರಲ್ಲಿ ಎರಡು ಅನ್ಯಸ್ವರ. ಮೋಹನ ಅಥವಾ ಭೂಪ್ ಆದರೆ ಸ-ಗ-ಪ ಮತ್ತು ಧ-ಸ-ಗ ಮಾತ್ರ. ಗದಗಿನ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತ ಮೇಷ್ಟ್ರುಗಳು ನಮ್ಮ ಸುತ್ತಮುತ್ತ ಇದ್ದಾರೆ; ಹಾಡು ಆರಿಸುವ ಹಂತದಲ್ಲೇ ಅವರಿಗೆ ಒಮ್ಮೆ ಕೇಳಿಸಿದರೆ ತೀರ್ಪುಗಾರರ ಮುಂದೆ ಮುಜುಗರ ತಪ್ಪುತ್ತದೆ. ಹೆಣ್ಣು-ಗಂಡು ಸೇರಿದ ತಂಡದಲ್ಲಿ ಶ್ರುತಿಯ ಜಗಳ ಇದ್ದದ್ದೇ. ಹುಡುಗರಿಗೆ ಕಪ್ಪು ಒಂದು, ಹುಡುಗಿಯರಿಗೆ ಕಪ್ಪು ನಾಲ್ಕು ಬೇಕು. ನಡುವೆ ಎಲ್ಲೋ ಇಟ್ಟು ಇಬ್ಬರನ್ನೂ ಸಾಯಿಸುವುದಕ್ಕಿಂತ, ಕಪ್ಪು ಒಂದಕ್ಕೇ ಇಟ್ಟು ಕೆಳಗಿನ ಪಲ್ಲವಿ ಹುಡುಗರಿಗೆ, ತಾರಸ್ಥಾಯಿಗೆ ಹೋಗುವ ಚರಣ ಹುಡುಗಿಯರಿಗೆ ಕೊಡಿ. ಗ್ಲೀ ಮಾಡಿದ್ದೂ ಅದೇ ಜಾತಿಯ ಉಪಾಯ, ಸಾಲು ಸಾಲಿಗೆ ಕೈ ಬದಲಿಸುವುದು.

ಹಿಂದೆ ನಿಲ್ಲುವವರ ಮನಸ್ಸಿನ ವಿಷಯಕ್ಕೆ ಬಂದರೆ ಕಂತಿನ ಅತ್ಯುತ್ತಮ ದೃಶ್ಯ ಮರ್ಸಿಡಿಸ್‌ಳದು. ರೇಚೆಲ್-ಫಿನ್ ಯುಗಳಗೀತೆಯ ಮಧ್ಯೆ ಹಾಡು ನಿಲ್ಲಿಸಿ, ತಾನು ಬಿಯಾನ್ಸೇ, ಪಕ್ಕದಲ್ಲಿ ನಿಂತು ಹಾಡುವ ಕೆಲ್ಲಿ ರೋಲಂಡ್ ಅಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ‘ಹಿಂದೆ ನಿಂತ್ಕೊಂಡು ಆ ಆ ಅನ್ನೋಕೆ ನಾನ್ಯಾಕೆ ಬರ್ಲಿ ಸರ್?’ ಅನ್ನುವ ಮಾತು ನಮ್ಮ ಯಾವ ಕಾಲೇಜಿನ ತಾಲೀಮಿನಲ್ಲಿ ಕೇಳಿಲ್ಲ? ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಂತೂ ಈ ಜಗಳವೇ ಬೇಡ ಅಂತ ಕೋರಸ್ಸನ್ನು ಕೀಬೋರ್ಡಿಗೆ ಒಪ್ಪಿಸಿಬಿಟ್ಟಿದ್ದಾರೆ. ಮರ್ಸಿಡಿಸ್ ತನ್ನ ಆಡಿಷನ್‌ನಲ್ಲಿ ‘ರೆಸ್ಪೆಕ್ಟ್’ ಹಾಡಿದ್ದನ್ನು ಕೇಳಿ. ಆ ಗಂಟಲು ಇರುವವಳು ಕೊನೆಯ ಹಾಡಿನಲ್ಲಿ ‘ದ ದ’ ಹಿಡಿದಿದ್ದಾಳೆ ಅಂತಲೇ ಆ ಹಿನ್ನೆಲೆಗೆ ಅಷ್ಟು ತೂಕ.

ದೋಷಗಳೂ ಇವೆ. ನಟರು ಮುಂಚೆಯೇ ಸ್ಟುಡಿಯೋದಲ್ಲಿ ಹಾಡಿ, ಸೆಟ್‌ನಲ್ಲಿ ತುಟಿ ಆಡಿಸಿದ್ದು. ತಪ್ಪೇನಿಲ್ಲ, ಸರಣಿಗಳೆಲ್ಲ ಹೀಗೇ. ಆದರೆ ಸ್ವರ ತಿದ್ದುವ ಯಂತ್ರದ ಕೈ ಅತಿಯಾಯಿತು. ಫಿನ್ ಸ್ನಾನದ ಮನೆಯಲ್ಲಿ ತನ್ನಷ್ಟಕ್ಕೆ ಗುನುಗುವ ಹಾಡಿಗೂ ಸ್ಟುಡಿಯೋದ ನುಣುಪು ಇದೆ. ಮರೆಯಲ್ಲಿ ನಿಂತು ಕೇಳಿದ ಮೇಷ್ಟ್ರು ಬೆರಗಾಗಬೇಕಾದ್ದು ಹಸಿ ಗಂಟಲಿಗೆ ತಾನೆ? ಕೊನೆಯ ಹಾಡಿನಲ್ಲೂ ಕಾಣುವುದು ಆರು ಬಾಯಿ, ಕೇಳುವುದು ಅದಕ್ಕಿಂತ ಹೆಚ್ಚು, ಧ್ವನಿಯ ಮೇಲೆ ಧ್ವನಿ ಪೇರಿಸಿದ್ದು ಸ್ಪಷ್ಟ. ನಿಮ್ಮ ಆರು ಜನ ಅಷ್ಟು ತುಂಬಿಕೊಂಡು ಕೇಳಿಸದಿದ್ದರೆ ಅದು ನಿಮ್ಮ ತಪ್ಪಲ್ಲ.

ಕ್ಲಬ್ಬಿನ ಇನ್ನೊಬ್ಬ ಹುಡುಗಿ ಟೀನಾ ಪಾತ್ರಕ್ಕೆ ಈ ಕಂತಿನಲ್ಲಿ ಕೆಲಸವೇ ಇಲ್ಲ. ಮೇಷ್ಟ್ರ ಹೆಂಡತಿ ಟೆರ್ರಿಯ ಭಾಗ ಎಳೆದಾಟ. ಚಿಯರ್‌ಲೀಡರ್ ಕೋಚ್ ಸೂ ಸಿಲ್ವೆಸ್ಟರ್ ಆಗಿ ಜೇನ್ ಲಿಂಚ್ ಮಾತ್ರ ಬಂದಷ್ಟು ಹೊತ್ತೂ ನಗಿಸುತ್ತಾರೆ.

ಹಾಡು ಕಥೆಯೊಳಗೆ ಬರುವ ರೀತಿ ಹಿಡಿಸಿತು. ಈ ಕಂತಿನಲ್ಲಿ ಯಾರೂ ಸುಮ್ಮನೆ ರಸ್ತೆ ಮಧ್ಯೆ ಹಾಡಲು ಶುರು ಮಾಡುವುದಿಲ್ಲ. ಆಡಿಷನ್, ತಾಲೀಮು, ಸ್ಪರ್ಧೆ, ಖಾಲಿ ರಂಗದ ಮೇಲೆ ಗಿಟಾರ್ ಹಿಡಿದ ಮೇಷ್ಟ್ರು, ಹೀಗೆ ಪ್ರತಿ ಹಾಡಿಗೂ ಒಂದು ಕಾರಣ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ಊರಾದ ದಾವಣಗೆರೆಯವರಿಗೆ ಮಾತಿನ ಮಧ್ಯೆ ಹಾಡು ಏಳುವುದು ಹೊಸದಲ್ಲ, ಕಾರಣ ಇಲ್ಲದೆಯೂ ಒಪ್ಪಿಕೊಳ್ಳುತ್ತೇವೆ. ಆದರೂ ಇಲ್ಲಿನ ಬಿಗಿ ಬೇರೆ. ಮುಂದಿನ ಸೀಸನ್‌ಗಳಲ್ಲಿ ಇದು ಸಡಿಲವಾಗುತ್ತದೆ.

ಮುಗಿಯುವ ರೀತಿಯೂ ಸರಿಯಾಗಿದೆ. ಹಾಡು ಕೇಳಿ ವಾಪಸ್ ಬಂದ ಮೇಷ್ಟ್ರು ಹೊಗಳುವುದಿಲ್ಲ, ಹತ್ತಕ್ಕೆ ಒಂಬತ್ತು ಕೊಟ್ಟು, ಮತ್ತೆ ಮೊದಲಿಂದ ಅನ್ನುತ್ತಾನೆ. ಕಂತಿಗೆ ನನ್ನ ಅಂಕ ಹತ್ತಕ್ಕೆ ಎಂಟು, ಒಂದು ಅಂಕ ಆ ಸ್ವರ ತಿದ್ದುವ ಯಂತ್ರಕ್ಕೆ ಹೋಯಿತು, ಇನ್ನೊಂದು ಟೆರ್ರಿಗೆ.

ಹೈಸ್ಕೂಲು ಮಕ್ಕಳಿಗೆ ತೋರಿಸುವ ಮೇಷ್ಟ್ರುಗಳು ಮೊದಲು ತಾವು ನೋಡಿಕೊಳ್ಳಿ. ಗಾಂಜಾ ಪ್ರಸಂಗ ಇದೆ, ಪೋಲಿ ಮಾತುಗಳಿವೆ. ಅವರಿಗೆ ‘ಸಿಟ್ ಡೌನ್’ ತಾಲೀಮು ಮತ್ತು ಕೊನೆಯ ಹಾಡು ಇವೆರಡನ್ನೇ ಒಂದರ ಹಿಂದೊಂದು ಹಾಕಿದರೆ ಸಾಕು. ಟಿವಿಯ ಸ್ಪೀಕರಿನಲ್ಲಿ ತಳದ ಧ್ವನಿ ಕೇಳುವುದೇ ಇಲ್ಲ, ಹಾಗಾಗಿ ಕಿವಿಗೆ ಹೆಡ್‌ಫೋನ್ ಇರಲಿ, ಇಲ್ಲವೇ ಒಂದು ಹೊರಗಿನ ಸ್ಪೀಕರಿಗೆ ಜೋಡಿಸಿ.