ಗಿಫ್ ಫೈಲ್ ಚಿಕ್ಕದು ಮಾಡೋಕೆ ಗಿಫ್‌ಸಿಕಲ್: ಒಳ್ಳೆಯ ಸಾಧನ, ಆದ್ರೆ ಕ್ರಮ ಗೊತ್ತಿರಬೇಕು

ಅಪ್‌ಲೋಡ್ ಮಿತಿ ದಾಟಿದ ಗಿಫ್ ಇದ್ದರೆ ನಾನು ಮೊದಲು ಬಳಸುವುದು ಗಿಫ್‌ಸಿಕಲ್. ಎಡ್ಡಿ ಕೋಹ್ಲರ್ ಬರೆದ ಉಚಿತ ಪ್ರೋಗ್ರಾಂ ಇದು. ಸೋರ್ಸ್ ಕೋಡ್ ಕೂಡ ಎಲ್ಲರಿಗೂ ಸಿಗುತ್ತದೆ. ಬಟನ್, ಮೆನು ಏನೂ ಇಲ್ಲ, ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಬೇಕು, ಅಷ್ಟೇ. ಅದನ್ನು ನೋಡಿಯೇ ಬಿಟ್ಟುಬಿಡುವವರು ಜಾಸ್ತಿ. ನನಗೆ ಅದು ಬೇಸರ, ಯಾಕಂದ್ರೆ ಈ ಕೆಲಸಕ್ಕೆ ಇಷ್ಟು ನಂಬಬಹುದಾದ ಸಾಧನ ಬೇರೆ ಸಿಕ್ಕಿಲ್ಲ.

ಗಿಫ್ ಯಾಕೆ ಅಷ್ಟು ಭಾರ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕಂಪ್ಯೂಸರ್ವ್ ಅನ್ನೋ ಅಮೆರಿಕದ ಕಂಪನಿ ಇದನ್ನು ತಂದದ್ದು 1987ರಲ್ಲಿ. ಪ್ರತಿ ಫ್ರೇಮ್, ಅಂದರೆ ಗಿಫ್‌ನ ಒಂದೊಂದು ಚಿತ್ರ, ಎಷ್ಟು ಹೊತ್ತು ಕಾಣಬೇಕು ಅಂತ ಹೇಳುವ ಸೌಲಭ್ಯ ಸೇರಿದ್ದು 1989ರ ಆವೃತ್ತಿಯಲ್ಲಿ. ಒಂದು ಪ್ಯಾಲೆಟ್‌ನಲ್ಲಿ, ಅಂದರೆ ಬಣ್ಣಗಳ ಪಟ್ಟಿಯಲ್ಲಿ, ಹೆಚ್ಚೆಂದರೆ 256 ಬಣ್ಣ. ಫೈಲ್ ಕುಗ್ಗಿಸುವ ಎಲ್‌ಝಡ್‌ಡಬ್ಲ್ಯು ವಿಧಾನ ಪಿಕ್ಸೆಲ್‌ಗಳನ್ನು ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ, ಮೊದಲೇ ಕಂಡ ಸರಣಿ ಮತ್ತೆ ಬಂದರೆ ಅದರ ಬದಲು ಒಂದು ಚಿಕ್ಕ ಸಂಕೇತ ಬರೆಯುತ್ತದೆ. ಒಂದೇ ಬಣ್ಣದ ಹಿನ್ನೆಲೆ ಇದ್ದರೆ ಚೆನ್ನಾಗಿ ಕುಗ್ಗುತ್ತದೆ. ಕ್ಯಾಮೆರಾದಲ್ಲಿ ತೆಗೆದ ದೃಶ್ಯದಲ್ಲಿ ಪ್ರತಿ ಪಿಕ್ಸೆಲ್ಲೂ ಪಕ್ಕದ್ದಕ್ಕಿಂತ ಚೂರು ಬೇರೆ, ಹಾಗಾಗಿ ಅಲ್ಲಿ ಇದರ ಆಟ ನಡೆಯೋದಿಲ್ಲ.

ಗಿಫ್‌ಸಿಕಲ್‌ನ ಆಪ್ಟಿಮೈಸ್ ಆಯ್ಕೆಗೆ ಮೂರು ಹಂತ ಇದೆ. ಮೊದಲನೆಯದು ಪ್ರತಿ ಫ್ರೇಮ್‌ನಲ್ಲಿ ಬದಲಾದ ಭಾಗವನ್ನಷ್ಟೇ ಉಳಿಸುತ್ತದೆ. ಎರಡನೆಯದು ಬದಲಾಗದ ಪಿಕ್ಸೆಲ್‌ಗಳನ್ನು ಪಾರದರ್ಶಕ ಮಾಡಿ ಇನ್ನಷ್ಟು ಇಳಿಸುತ್ತದೆ. ಮೂರನೆಯದು ಹಲವು ದಾರಿಗಳನ್ನು ಪ್ರಯತ್ನಿಸಿ ಚಿಕ್ಕದಾಗಿ ಬಂದದ್ದನ್ನು ಇಟ್ಟುಕೊಳ್ಳುತ್ತದೆ, ಸ್ವಲ್ಪ ನಿಧಾನ, ಆದ್ರೆ ನಾನು ಯಾವಾಗಲೂ ಅದನ್ನೇ ಕೊಡುತ್ತೇನೆ. ಚಿತ್ರದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಮತ್ಯಾಕೆ ಬಿಡಬೇಕು ಅಲ್ವಾ? ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಮೌಸ್ ಮಾತ್ರ ಓಡಾಡುತ್ತಿದ್ದರೆ ಇದೊಂದರಿಂದಲೇ ಫೈಲ್ ಎಷ್ಟೋ ಇಳಿಯುತ್ತದೆ. ಕ್ಯಾಮೆರಾ ಅಲುಗಾಡುತ್ತಿದ್ದರೆ ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಆಗ ಎಲ್ಲಾ ಪಿಕ್ಸೆಲ್ಲೂ ಬದಲಾಗಿರುತ್ತದೆ.

ಆಮೇಲೆ ಲಾಸಿ ಆಯ್ಕೆ, ಅಂದರೆ ಗುಣಮಟ್ಟ ಸ್ವಲ್ಪ ಬಿಟ್ಟುಕೊಟ್ಟು ಫೈಲ್ ಇಳಿಸುವುದು. ಎಲ್ಲರೂ ಮೊದಲು ಇದಕ್ಕೇ ಕೈ ಹಾಕುತ್ತಾರೆ, ಹಾಗೆ ಮಾಡಬೇಡಿ. ಹೆಚ್ಚುಕಮ್ಮಿ ಒಂದೇ ಥರ ಇರುವ ಬಣ್ಣಗಳನ್ನು ಒಂದೇ ಅಂತ ಒಪ್ಪಿಕೊಂಡು ಉದ್ದದ ಸರಣಿ ಹುಡುಕುವುದು ಅದರ ಉಪಾಯ. ಸಂಖ್ಯೆ ಕೊಡದಿದ್ದರೆ 20 ಅಂತ ತಗೊಳ್ಳುತ್ತದೆ. ಸಂಖ್ಯೆ ಏರಿದಷ್ಟೂ ಫೈಲ್ ಚಿಕ್ಕದು, ಜೊತೆಗೆ ಅಡ್ಡಡ್ಡ ಗೆರೆ, ಕಾಳು ಕಾಳಾದ ಕಲೆ. 30ರಿಂದ 80ರ ಒಳಗೆ ನನಗೆ ಸರಿ ಅನ್ನಿಸಿದೆ. ಅಕ್ಷರ ಇರುವ ಗಿಫ್‌ಗೆ ಇನ್ನೂ ಕಡಿಮೆ ಇಡಿ, ಅಕ್ಷರದ ಅಂಚು ಕೆದರಿದರೆ ಓದುವವರಿಗೆ ಹಿಂಸೆ.

ದೊಡ್ಡ ಉಳಿತಾಯ ಇರುವುದು ಇದಕ್ಕಿಂತ ಮುಂಚೆ, ಅಳತೆ ಮತ್ತು ಫ್ರೇಮ್‌ಗಳಲ್ಲಿ. ಅಗಲ 800 ಪಿಕ್ಸೆಲ್ ಇದ್ದದ್ದನ್ನು 400ಕ್ಕೆ ಇಳಿಸಿ ಎತ್ತರವನ್ನೂ ಅರ್ಧ ಮಾಡಿದರೆ ಉಳಿಯುವ ಪಿಕ್ಸೆಲ್ ಕಾಲು ಭಾಗ ಮಾತ್ರ. ಯಾವ ಲಾಸಿ ಸಂಖ್ಯೆಯೂ ಚಿತ್ರವನ್ನು ಕೆಡಿಸದೆ ಇಷ್ಟು ಇಳಿಸಲಾರದು. ಬೇಡದ ಅಂಚುಗಳನ್ನು ಕ್ರಾಪ್ ಮಾಡಿ. ಒಂದು ಬಿಟ್ಟು ಒಂದು ಫ್ರೇಮ್ ತೆಗೆದುಹಾಕಿ. ಆದ್ರೆ ಎರಡು ಎಚ್ಚರಿಕೆ: ಈಗಾಗಲೇ ಆಪ್ಟಿಮೈಸ್ ಆಗಿರುವ ಗಿಫ್ ಆದರೆ ಮೊದಲು ಅನ್‌ಆಪ್ಟಿಮೈಸ್ ಮಾಡಿ (ಪ್ರತಿ ಫ್ರೇಮ್ ಮತ್ತೆ ಪೂರ್ತಿ ಚಿತ್ರ ಆಗುತ್ತದೆ), ಇಲ್ಲದಿದ್ದರೆ ತೆಗೆದ ಫ್ರೇಮ್ ಮೇಲೆ ನಿಂತಿದ್ದ ಮುಂದಿನ ಫ್ರೇಮ್ ಚೂರುಚೂರಾಗಿ ಕಾಣುತ್ತದೆ. ಇನ್ನೊಂದು, ಉಳಿದ ಫ್ರೇಮ್‌ಗಳ ಸಮಯವನ್ನು ಎರಡು ಪಟ್ಟು ಮಾಡಿ, ಇಲ್ಲದಿದ್ದರೆ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಗಿಫ್‌ನಲ್ಲಿ ಸಮಯದ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ, ಹಾಗಾಗಿ 10 ಅಂದರೆ ಸೆಕೆಂಡಿಗೆ 10 ಫ್ರೇಮ್. ಏನನ್ನಾದರೂ ಮಾಡಿ ತೋರಿಸುವ ಗಿಫ್‌ಗೆ ಅಷ್ಟು ಸಾಕು.

ಬಣ್ಣ ಕಡಿಮೆ ಮಾಡುವುದು ಆಮೇಲಿನ ಮಾತು. ಸ್ಕ್ರೀನ್ ರೆಕಾರ್ಡಿಂಗ್, ಗೆರೆ ಚಿತ್ರಗಳಿಗೆ 64 ಬಣ್ಣ ಧಾರಾಳ, ಎಷ್ಟೋ ಸಲ 32 ಸಾಕು. ಇಲ್ಲಿ ಡಿದರಿಂಗ್ ಅನ್ನುವುದೊಂದಿದೆ, ಇಲ್ಲದ ಬಣ್ಣವನ್ನು ಇರುವ ಬಣ್ಣಗಳ ಚುಕ್ಕಿ ಬೆರೆಸಿ ತೋರಿಸುವ ತಂತ್ರ. ಕಣ್ಣಿಗೆ ಚೆಂದ, ಫೈಲ್‌ಗೆ ಭಾರ. ಚುಕ್ಕಿಗಳು ಎಲ್ಲೆಂದರಲ್ಲಿ ಬಿದ್ದರೆ ಎಲ್‌ಝಡ್‌ಡಬ್ಲ್ಯುಗೆ ಸರಣಿ ಸಿಗುವುದಿಲ್ಲ, ಮೇಲಿಂದ ಫ್ರೇಮ್‌ನಿಂದ ಫ್ರೇಮ್‌ಗೆ ಜಾಗ ಬದಲಿಸಿದರೆ ಸುಮ್ಮನಿದ್ದ ಹಿನ್ನೆಲೆಯೂ ಬದಲಾಯಿತು ಅಂತಲೇ ಲೆಕ್ಕ. ಗಿಫ್‌ಸಿಕಲ್ ತಾನಾಗಿ ಡಿದರ್ ಮಾಡುವುದಿಲ್ಲ, ಕೇಳಿದರೆ ಮಾತ್ರ. ಇದು ನನಗೆ ತುಂಬ ಇಷ್ಟವಾದ ನಿರ್ಧಾರ. ಬಣ್ಣದ ಪಟ್ಟೆಗಳು ಎದ್ದು ಕಂಡರೆ ಆರ್ಡರ್ಡ್ ಡಿದರ್ ಕೊಟ್ಟು ನೋಡಿ, ಅದರ ಚುಕ್ಕಿಗಳು ಒಂದೇ ವಿನ್ಯಾಸದಲ್ಲಿ ಕೂರುತ್ತವೆ.

ಕೊರತೆಗಳೂ ಇವೆ. ಬದಲಾವಣೆ ಹೇಗೆ ಬಂತು ಅಂತ ಅಲ್ಲೇ ನೋಡಲು ಆಗುವುದಿಲ್ಲ, ಪ್ರತಿ ಸಲ ಫೈಲ್ ತೆರೆದು ನೋಡಬೇಕು. ಹಲವು ಫೈಲ್ ಒಟ್ಟಿಗೆ ಮಾಡುವ ಬ್ಯಾಚ್ ಆಯ್ಕೆ ಮೂಲ ಫೈಲ್ ಮೇಲೆಯೇ ಬರೆದುಬಿಡುತ್ತದೆ, ಪ್ರತಿ ಇಟ್ಟುಕೊಳ್ಳದೆ ಅದನ್ನು ಮುಟ್ಟಲೇಬೇಡಿ. 'ಇಷ್ಟು ಎಂಬಿ ಒಳಗೆ ಬರಲಿ' ಅಂತ ಹೇಳುವ ದಾರಿಯೂ ಇಲ್ಲ. ಟರ್ಮಿನಲ್ ಬೇಡವೇ ಬೇಡ ಅನ್ನುವವರು ಬ್ರೌಸರ್‌ನಲ್ಲಿ ಈಜಿಗಿಫ್ ಬಳಸಬಹುದು, ಅದರ ಹಿಂದೆಯೂ ಗಿಫ್‌ಸಿಕಲ್ ಇದೆ. ಆದ್ರೆ ಆಫೀಸಿನ ಸ್ಕ್ರೀನ್, ಖಾಸಗಿ ಚಾಟ್ ಇರುವ ಗಿಫ್ ಅನ್ನು ಬೇರೆಯವರ ಸರ್ವರ್‌ಗೆ ಯಾಕೆ ಕಳಿಸಬೇಕು? ಅಂಥದ್ದು ನಿಮ್ಮ ಕಂಪ್ಯೂಟರ್‌ನಲ್ಲೇ ಆಗಲಿ.

ಗಿಫ್‌ಸ್ಕಿ ಅನ್ನೋ ಇನ್ನೊಂದು ಪ್ರೋಗ್ರಾಂ ಚೆನ್ನಾಗಿಲ್ವಾ ಅಂತ ಕೇಳಬಹುದು. ವಿಡಿಯೋದಿಂದ ಗಿಫ್ ಮಾಡಲು ಅದು ಬಹಳ ಚೆನ್ನಾಗಿದೆ, ಬಣ್ಣಗಳು ನಂಬಲಾಗದಷ್ಟು ಚೆಂದ ಬರುತ್ತವೆ. ಅದರ ಗಮನ ಚೆಂದದ ಮೇಲೆ, ಹಾಗಾಗಿ ಫೈಲ್ ದೊಡ್ಡದೇ ಆಗುತ್ತದೆ.

ಇನ್ನು ಕ್ಯಾಮೆರಾದ ವಿಡಿಯೋನೇ ಗಿಫ್ ಆಗಿದ್ದರೆ ಇಷ್ಟೆಲ್ಲ ಒದ್ದಾಡಬೇಡಿ. ಹಾಕುವ ಜಾಗ ಒಪ್ಪಿದರೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಪರಿವರ್ತಿಸುವ ಪ್ರೋಗ್ರಾಂನಲ್ಲಿ ಎಂಪಿ4 ವಿಡಿಯೋ ಮಾಡಿ, ಚಿತ್ರವೇ ಬೇಕು ಅಂದರೆ ಅನಿಮೇಟೆಡ್ ವೆಬ್‌ಪಿ ಅನ್ನೋ ಚಿತ್ರದ ಫಾರ್ಮ್ಯಾಟ್. ಮೂಲ ವಿಡಿಯೋ ಉಳಿದಿದ್ದರೆ ಅದರಿಂದಲೇ ಮಾಡಿ, 256 ಬಣ್ಣಕ್ಕೆ ಇಳಿದ ಗಿಫ್‌ನಿಂದ ಮಾಡಿದರೆ ಆ ಚುಕ್ಕಿ, ಪಟ್ಟೆಗಳೂ ಜೊತೆಗೇ ಬರುತ್ತವೆ.