ಹಳೆಯ ಚೀನೀ ರತ್ನಗಂಬಳಿ: ನಿಂಗ್‌ಶಿಯಾ, ಪೀಕಿಂಗ್, ಡೆಕೊ, ಯಾರಿಗೆ ಯಾವುದು?

ಹಳೆಯ ಚೀನೀ ರತ್ನಗಂಬಳಿಗಳ ಈ ಮೂರು ಬಗೆಗಳಲ್ಲಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಅದು ಎಲ್ಲಿ ಹಾಸುತ್ತೀರಿ ಅನ್ನೋದರ ಮೇಲಿದೆ.

ಓಡಾಟ ಜಾಸ್ತಿ ಇರುವ ಹಾಲ್ ಆದರೆ 1920–30ರ ದಶಕಗಳ ಡೆಕೊ ನೋಡಿ, ಅಂದರೆ ಉತ್ತರ ಚೀನಾದ ಬಂದರು ನಗರ ತಿಯಾಂಜಿನ್‌ನಲ್ಲಿ ಆಗಿನ ಆರ್ಟ್ ಡೆಕೊ ಶೈಲಿಯಲ್ಲಿ ನೇಯ್ದದ್ದು. ದಪ್ಪ ಉಣ್ಣೆ, ಬಾಳಿಕೆ ಬರುತ್ತದೆ. ಆದರೆ ನೇರಳೆ, ಕಡುಹಸಿರಿನಂಥ ಗಾಢ ಬಣ್ಣ ನಿಮಗೆ ಹಿಡಿಸಬೇಕು.

ಪೀಕಿಂಗ್, ಅಂದರೆ ಬೀಜಿಂಗ್‌ನ ರತ್ನಗಂಬಳಿ, ಶಾಂತ. ನೀಲಿ, ದಂತದ ಬಿಳುಪು, ನಡುವೆ ಧಾರಾಳ ಖಾಲಿ ಜಾಗ. ಹತ್ತಿರದಿಂದ ನೋಡಿ, ಕೆಲವದರಲ್ಲಿ ಪಿಯೋನಿ ಹೂವಿನ ಅಂಚಿನುದ್ದಕ್ಕೂ ಉಣ್ಣೆಯನ್ನು ಕತ್ತರಿಯಿಂದ ತಗ್ಗಿಸಿರುತ್ತಾರೆ, ಅದಕ್ಕೇ ಹೂವು ಮೇಲೆದ್ದ ಹಾಗೆ ಕಾಣೋದು. ಸರಳ ಕೋಣೆಗೆ ಇದೇ ಚೆನ್ನ.

ನನಗೆ ಪ್ರೀತಿ ವಾಯವ್ಯ ಚೀನಾದ ನಿಂಗ್‌ಶಿಯಾ ಪ್ರದೇಶದ ಹಳೆಯ ರತ್ನಗಂಬಳಿ ಮೇಲೆ. ಮೆತ್ತನೆ ಉಣ್ಣೆ, ಸಡಿಲ ಗಂಟು, ಮಾಗಿದ ಹಳದಿ. ಕಡುಕಂದು ಇರುವ ಕಡೆ ಬಣ್ಣದಲ್ಲಿನ ಕಬ್ಬಿಣ ಉಣ್ಣೆಯನ್ನು ತಿಂದಿರುತ್ತದೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಒಳ್ಳೆಯದಕ್ಕೆ ಬೆಲೆಯೂ ಜಾಸ್ತಿ. ಯಾರೂ ಹೆಚ್ಚು ತುಳಿಯದ ಕೋಣೆ ಇದ್ದರೆ ಮಾತ್ರ ತಗೊಳ್ಳಿ.